ಕೂತಲ್ಲಿಂದ್ಲೇ ನೋಡ್ಕೊಳ್ಳೋ ಗಿಡಗಳು: ಬೆಳಕು ಕಮ್ಮಿ, ಓಡಾಟ ಕಷ್ಟ ಅನ್ನೋರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ನೋವು, ಸ್ಟ್ರೋಕ್ ಆದ್ಮೇಲೆ ಒಂದು ಕೈ ಸರಿಯಾಗಿ ಆಡದೇ ಇರೋದು, ವೀಲ್‌ಚೇರು, ವಾಕರು, ಹತ್ತು ನಿಮಿಷ ನಿಂತ್ರೆ ಸುಸ್ತಾಗೋದು, ಯಾವ ಕಾರಣಕ್ಕಾದ್ರೂ ಇರ್ಲಿ, ಮನೆಯೊಳಗೆ ಓಡಾಟ ಕಷ್ಟ ಇರೋರು ಗಿಡ ಇಟ್ಕೋಬೇಕು ಅಂದಾಗ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಗಿಡದ ಲಿಸ್ಟ್ ಎಲ್ಲಿ ಬೇಕಾದ್ರೂ ಸಿಗತ್ತೆ ಬಿಡಿ, ಆದ್ರೆ ಅದನ್ನೆಲ್ಲ ಬರೆದಿರೋದು ಸಲೀಸಾಗಿ ಎದ್ದು ಓಡಾಡೋರಿಗೋಸ್ಕರ. "ತಿಂಗಳಿಗೊಂದ್ಸಲ ಗಿಡನ ಸಿಂಕ್‌ಗೆ ತಗೊಂಡ್ಹೋಗಿ ಚೆನ್ನಾಗಿ ತೊಳೀರಿ" ಅಂತ ಬರ್ದುಬಿಡ್ತಾರೆ, ಆ ಪಾಟ್ ಎತ್ಕೊಂಡು ಸಿಂಕ್‌ವರೆಗೂ ಹೋಗೋದು ಯಾರು ಅಂತ ಮಾತ್ರ ಹೇಳಲ್ಲ.

ಜಾಸ್ತಿ ಓದೋಕಾಗಲ್ಲ, ಒಂದೇ ಒಂದು ಗಿಡದ ಹೆಸರು ಹೇಳಿ

ಝೀಝೀ ಪ್ಲಾಂಟ್. ಪೂರ್ವ ಆಫ್ರಿಕಾ ಕಡೆಯ ಗಿಡ ಇದು, ಮಣ್ಣಿನೊಳಗೆ ಆಲೂಗಡ್ಡೆ ಥರ ದಪ್ಪ ದಪ್ಪ ಗೆಡ್ಡೆ ಬಿಟ್ಕೊಂಡು ಅದ್ರಲ್ಲೇ ನೀರು ಕೂಡಿಟ್ಕೊಳತ್ತೆ, ಹಾಗಾಗಿ ಮೂರು ವಾರ ನಾಲ್ಕು ವಾರ ನೀರು ಹಾಕ್ದಿದ್ರೂ ಏನೂ ಆಗಲ್ಲ. ಬೆಳಕು ಕಮ್ಮಿ ಇದ್ರೆ ನಿಧಾನಕ್ಕೆ ಬೆಳೆಯತ್ತೆ ಅಷ್ಟೇ. ಮನೇಲಿ ಬೆಕ್ಕು ನಾಯಿ ಇದ್ರೆ ಮಾತ್ರ ಕೆಳಗೆ ಅದರ ಬಗ್ಗೆ ಬರೆದಿರೋದನ್ನ ಓದ್ಕೊಂಡು ತಗೊಳ್ಳಿ.

ಇಷ್ಟೊಂದು ಗಿಡ ಇವೆಯಲ್ಲ, ನಂಗೆ ಯಾವ್ದು ಸರಿ ಅಂತ ಹೆಂಗೆ ನಿರ್ಧಾರ ಮಾಡೋದು?

ನಿಮ್ಮ ಒಳ್ಳೇ ದಿನ ಮನಸ್ಸಲ್ಲಿಟ್ಕೊಂಡು ಗಿಡ ಆರಿಸ್ಬೇಡಿ, ಇಡೀ ಪೇಜಲ್ಲಿ ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೇ. ಒಳ್ಳೇ ದಿನ ಎಲ್ರಿಗೂ ಉತ್ಸಾಹ ಇರತ್ತೆ, ನರ್ಸರಿಗೆ ಹೋಗಿರ್ತೀವಿ ಅಥವಾ ಫೋನಲ್ಲಿ ಫೋಟೋ ನೋಡ್ತಿರ್ತೀವಿ, ದಿನಾ ಸ್ವಲ್ಪ ನೀರು ಚಿಮುಕಿಸೋದು ಏನ್ ಮಹಾ ಅನ್ಸತ್ತೆ. ಆಮೇಲೆ ನೋವು ಜಾಸ್ತಿ ಆಗಿ ಹಾಸಿಗೆ ಬಿಟ್ಟು ಏಳೋಕಾಗದ ಒಂದು ವಾರ ಬರತ್ತಲ್ಲ, ಆ ವಾರ ನಿಮ್ಮಿಂದ ಏನೇನೂ ಕೇಳದೇ ಸುಮ್ನಿರೋ ಗಿಡ ಯಾವ್ದೋ ಅದೇ ನಿಮ್ಮ ಗಿಡ. ಹಂಗಾಗಿ ಮೊದಲು ಮೂರು ವಿಷಯ ಲೆಕ್ಕ ಹಾಕಿ. ನಿಮ್ಗೆ ಆಗದೇ ಇರೋ ಅತಿ ಉದ್ದದ ಅವಧಿ ಎಷ್ಟು, ಒಂದು ವಾರನಾ ಮೂರು ವಾರನಾ? ಕೂತಲ್ಲಿಂದ ಕೈ ಎಲ್ಲಿವರೆಗೆ ಎಟಕತ್ತೆ? ಅಲ್ಲಿಗೆ ಎಷ್ಟು ಬೆಳಕು ಬರತ್ತೆ? ಇದು ಮೂರೂ ಗೊತ್ತಾದ್ರೆ ಗಿಡದ ಹೆಸರು ತಾನಾಗೇ ಬರತ್ತೆ, ಉಲ್ಟಾ ಮಾಡಿದ್ರೆ ಅಂದ್ರೆ ಮೊದಲು ಗಿಡ ತಂದು ಆಮೇಲೆ ಜಾಗ ಹುಡುಕಿದ್ರೆ ಅದು ಎಲ್ಲಾದ್ರೂ ಕೈಗೆ ಸಿಗದ ಮೂಲೆ ಸೇರ್ಕೊಳತ್ತೆ.

ಲೋ ಲೈಟ್ ಅಂತಾರಲ್ಲ, ನಮ್ಮ ರೂಮಿನ ಬೆಳಕು ಸಾಕಾಗತ್ತಾ ಅಂತ ಹೆಂಗೆ ಗೊತ್ತಾಗತ್ತೆ?

ಸುಲಭದ ದಾರಿ ಅಂದ್ರೆ ಮಧ್ಯಾಹ್ನದ ಹೊತ್ತು ಲೈಟ್ ಎಲ್ಲ ಆಫ್ ಮಾಡಿ, ಗಿಡ ಇಡ್ಬೇಕು ಅಂತಿರೋ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು ಅದ್ರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡೀರಿ. ನೆರಳು ಮಸುಕು ಮಸುಕಾಗಿ ಆದ್ರೂ ಕಂಡ್ರೆ ಇಲ್ಲಿ ಹೇಳಿರೋ ಗಿಡಗಳಿಗೆ ಸಾಕು. ನೆರಳೇ ಕಾಣಲ್ಲ ಅಂದ್ರೆ ಅಲ್ಲಿ ಲೈಟ್ ಹಾಕದೇ ಗಿಡ ಬದುಕಲ್ಲ, ಒಂದೆರಡು ತಿಂಗಳು ತನ್ನಲ್ಲಿರೋ ಶಕ್ತಿ ಖರ್ಚು ಮಾಡ್ಕೊಂಡು ಚೆನ್ನಾಗಿರೋ ಥರ ಕಾಣತ್ತೆ ಆಮೇಲೆ ಸೊರಗತ್ತೆ.

ಫೋನಲ್ಲಿ ಲಕ್ಸ್ ಮೀಟರ್ ಅಂದ್ರೆ ಬೆಳಕು ಅಳೆಯೋ ಆಪ್ ಹಾಕ್ಕೊಂಡ್ರೆ ಇನ್ನೂ ಸರಿಯಾಗಿ ಗೊತ್ತಾಗತ್ತೆ, ಪಕ್ಕಾ ಲೆಕ್ಕ ಕೊಡಲ್ಲ ಆದ್ರೆ ಈ ಜಾಗ ಆ ಜಾಗ ಹೋಲಿಸೋಕೆ ಸಾಕು. ಕಮ್ಮಿ ಬೆಳಕಿನ ಗಿಡಗಳಿಗೆ ಸುಮಾರು 250 ಇಂದ 1000 ಲಕ್ಸ್ ಇದ್ರೆ ನಡೆಯತ್ತೆ. ಹೊರಗಡೆ ನೇರ ಬಿಸಿಲಲ್ಲಿ 1 ಲಕ್ಷ ಲಕ್ಸ್‌ವರೆಗೂ ಇರತ್ತೆ, ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದ್ಕೊಳ್ಳೋದ್ರಿಂದ ರೂಮ್ ತುಂಬ ಬೆಳಕಿದೆ ಅನ್ಸತ್ತೆ ಆದ್ರೆ ಗಿಡಕ್ಕೆ ಅದು ಮುಸ್ಸಂಜೆ. ಕಿಟಕಿಯಿಂದ ಎರಡು ಮೀಟರ್ ಒಳಗೆ ಬಂದ್ರೆ ಬೆಳಕು ಎಷ್ಟು ಇಳಿಯತ್ತೆ ಅಂತ ಮೀಟರಲ್ಲಿ ನೋಡಿದ್ರೆ ಬಹಳ ಜನ ಬೆಚ್ಚಿಬೀಳ್ತಾರೆ.

ಇನ್ನೊಂದು ಸಂಗತಿ ಯಾರೂ ಹೇಳಲ್ಲ: ಆ ಕಿಟಕಿ ಕರ್ಟನ್ ದಿನಾ ಸರಿಸೋದು ಯಾರು? ಕೆಲಸಕ್ಕೆ ಬರೋರು ಹತ್ತು ಗಂಟೆಗೆ ಬಂದು ಸರಿಸಿ ಸಂಜೆ ನಾಲ್ಕಕ್ಕೆ ಹೋಗೋವಾಗ ಎಳೆದು ಹೋಗ್ತಾರೆ ಅಂದ್ರೆ ನಿಮ್ಮ ಗಿಡಕ್ಕೆ ಸಿಗೋದು ಆರೇ ಗಂಟೆ ಬೆಳಕು, ಅವರು ರಜಾ ಹಾಕಿದ ದಿನ ಅದೂ ಇಲ್ಲ. ಕಿಟಕಿಗೆ ತೆಳು ಬಿಳಿ ಪರದೆ ಹಾಕ್ಬಿಟ್ರೆ ಹಗಲು ಹೊತ್ತು ಹೊರಗಿನೋರಿಗೆ ಒಳಗಡೆ ಅಷ್ಟಾಗಿ ಕಾಣಲ್ಲ, ಅದನ್ನ ಮುಟ್ಟೋ ಕೆಲಸನೂ ಇಲ್ಲ.

ನಮ್ಮ ರೂಮಿಗೆ ಕಿಟಕಿನೇ ಇಲ್ಲ

ಹಂಗಾದ್ರೆ ಎಲ್ಇಡಿ ಲೈಟ್ ಬೇಕೇ ಬೇಕು. ಗಿಡಕ್ಕಂತಲೇ ಮಾಡಿರೋ ನೇರಳೆ ಬಣ್ಣದ ಗ್ರೋ ಲೈಟೇ ಆಗ್ಬೇಕು ಅಂತಿಲ್ಲ, ಸಾಮಾನ್ಯ ಬಿಳಿ ಎಲ್ಇಡಿ ಟೇಬಲ್ ಲ್ಯಾಂಪ್ ಗಿಡದ ತಲೆಯಿಂದ ಒಂದಡಿ ದೂರದಲ್ಲಿಟ್ಟು ದಿನಕ್ಕೆ ಸುಮಾರು 12 ಗಂಟೆ ಉರಿಸಿದ್ರೆ ಈ ಗಿಡಗಳಿಗೆ ಸಾಕು. ಸ್ವಿಚ್ ಹಾಕೋಕೆ ಆರಿಸೋಕೆ ಬಗ್ಗೋದು ಏಳೋದು ಬೇಡ, ಪ್ಲಗ್‌ಗೆ ಹಾಕೋ ಟೈಮರ್ ಸಿಗತ್ತೆ, ಒಂದ್ಸಲ ಸೆಟ್ ಮಾಡಿದ್ರೆ ಮರೆತುಬಿಡ್ಬೋದು. ವೈರ್ ಮಾತ್ರ ನಡೆಯೋ ದಾರಿಗೆ ಅಡ್ಡ ಬರದ ಹಾಗೆ ಗೋಡೆ ಪಕ್ಕ ಟೇಪ್ ಹಾಕಿ ಅಂಟಿಸ್ಬೇಕು, ವಾಕರ್ ಕಾಲು ವೈರ್‌ಗೆ ಸಿಕ್ಕಿಹಾಕ್ಕೊಳ್ಳೋದು ಗಿಡ ಒಣಗೋದಕ್ಕಿಂತ ದೊಡ್ಡ ತೊಂದರೆ.

ಕೆಲವರು ವಾರಕ್ಕೆ ಮೂರು ದಿನ ಕತ್ತಲೆ ರೂಮಲ್ಲಿ ನಾಲ್ಕು ದಿನ ಕಿಟಕಿ ಹತ್ರ ಅಂತ ಗಿಡ ಬದಲಾಯಿಸ್ತಾ ಇರಿ ಅಂತಾರೆ. ಬೇಡ. ಎತ್ತಿ ಇಡೋ ಕೆಲಸ ತಪ್ಪಿಸೋಕೇ ಅಲ್ವಾ ನಾವು ಇಷ್ಟೆಲ್ಲ ಯೋಚನೆ ಮಾಡ್ತಿರೋದು.

ಝೀಝೀ ಬಿಟ್ರೆ ಬೇರೆ ಯಾವ ಗಿಡ?

ಸ್ನೇಕ್ ಪ್ಲಾಂಟ್ ಎಲ್ರಿಗೂ ಗೊತ್ತು, ನೆಟ್ಟಗೆ ಮೇಲಕ್ಕೆ ಬೆಳೆಯೋದ್ರಿಂದ ಪಕ್ಕಕ್ಕೆ ಜಾಗ ತಿನ್ನಲ್ಲ, ವೀಲ್‌ಚೇರ್ ಓಡಾಡೋ ಇಕ್ಕಟ್ಟಿನ ಮನೆಗೆ ಇದು ದೊಡ್ಡ ಅನುಕೂಲ. ಎರಡರಿಂದ ನಾಲ್ಕು ವಾರಕ್ಕೊಂದ್ಸಲ ನೀರು, ಬೆಳಕು ಕಮ್ಮಿ ಇದ್ದಷ್ಟೂ ನೀರೂ ಕಮ್ಮಿ. ತುಂಬ ಉದ್ದ ಬೆಳೆಯೋ ಜಾತಿ ತಗೊಂಡ್ರೆ ತಲೆ ಭಾರ ಆಗಿ ಹಗುರ ಪ್ಲಾಸ್ಟಿಕ್ ಪಾಟ್ ಸಮೇತ ಬೀಳತ್ತೆ, ಗಿಡ್ಡ ಜಾತಿನೂ ಇವೆ, ಅಂಗೈ ಎತ್ತರಕ್ಕೆ ಗುಲಾಬಿ ಹೂವಿನ ಆಕಾರದಲ್ಲಿ ಇರ್ತವಲ್ಲ ಅವು, ಟೇಬಲ್ ಮೇಲಿಡೋಕೆ ಅದೇ ಒಳ್ಳೇದು.

ಆಸ್ಪಿಡಿಸ್ಟ್ರಾ ಅಂತ ಒಂದಿದೆ, ಕಾಸ್ಟ್ ಐರನ್ ಪ್ಲಾಂಟ್ ಅಂತಾನೂ ಕರೀತಾರೆ. ಜಪಾನ್ ತೈವಾನ್ ಕಡೆ ಕಾಡಲ್ಲಿ ಮರದಡಿ ನೆರಳಲ್ಲಿ ಬೆಳೆಯೋದು. 19ನೇ ಶತಮಾನದ ಬ್ರಿಟನ್ನಲ್ಲಿ ಗ್ಯಾಸ್ ದೀಪದ ಹೊಗೆ ತುಂಬಿದ ಕತ್ತಲೆ ಕೋಣೆಗಳಲ್ಲೂ ಬದುಕ್ತಿತ್ತು ಅಂತ ಹೆಸರು ಮಾಡಿದ ಗಿಡ ಇದು. ಬಹಳ ನಿಧಾನ, ವರ್ಷಕ್ಕೆ ಕೆಲವೇ ಎಲೆ ಬಿಡತ್ತೆ, ಅದಕ್ಕೇ ನರ್ಸರಿಯೋರಿಗೆ ಇದ್ರ ಮೇಲೆ ಪ್ರೀತಿ ಕಮ್ಮಿ, ಎಲ್ಲ ಕಡೆ ಸಿಗಲ್ಲ. ನನ್ನ ಕೇಳಿದ್ರೆ ನಿಧಾನ ಅನ್ನೋದೇ ಇದ್ರ ದೊಡ್ಡ ಗುಣ. ಬೇಗ ಬೆಳೆಯೋ ಗಿಡ ಅಂದ್ರೆ ಕತ್ತರಿಸೋ ಕೆಲಸ, ದೊಡ್ಡ ಪಾಟ್‌ಗೆ ಹಾಕೋ ಕೆಲಸ, ಕಟ್ಟೋ ಕೆಲಸ. ಬೆಳೆಯದೇ ಹಸಿರಾಗಿ ನಿಂತಿರೋ ಗಿಡ ಅಂದ್ರೆ ಯಾವ ಕೆಲಸನೂ ಇಲ್ಲ.

ಮನಿ ಪ್ಲಾಂಟ್, ಅಗ್ಲೋನೀಮಾ, ಪಾರ್ಲರ್ ಪಾಮ್, ಸ್ಪೈಡರ್ ಪ್ಲಾಂಟ್ ಇವೆಲ್ಲ ಇದ್ರ ನಂತರದ ಸಾಲು, ವಾರ ಹತ್ತು ದಿನಕ್ಕೊಂದ್ಸಲ ಗಮನ ಕೇಳ್ತವೆ. ಮನಿ ಪ್ಲಾಂಟಲ್ಲಿ ಹಳದಿ ಬಿಳಿ ಪಟ್ಟೆ ಇರೋದನ್ನ ಬೆಳಕಿಲ್ಲದ ಕಡೆ ಇಟ್ರೆ ಹೊಸ ಎಲೆ ಪೂರ್ತಿ ಹಸಿರಾಗೇ ಬರತ್ತೆ, ಕಾಯಿಲೆ ಅಲ್ಲ, ಇರೋ ಕಮ್ಮಿ ಬೆಳಕನ್ನೇ ಹಿಡ್ಕೊಳ್ಳೋಕೆ ಹಸಿರು ಜಾಸ್ತಿ ಮಾಡ್ಕೊಂಡಿರತ್ತೆ. ಅಗ್ಲೋನೀಮಾದಲ್ಲೂ ಅಷ್ಟೇ, ಕೆಂಪು ಗುಲಾಬಿ ಎಲೆದಕ್ಕೆ ಬೆಳಕು ಹೆಚ್ಚು ಬೇಕು, ಕಡು ಹಸಿರಿಂದು ಕತ್ತಲೆಗೆ ಹೊಂದ್ಕೊಳತ್ತೆ. ಅದಕ್ಕೆ ಚಳಿ ಆಗಿಬರಲ್ಲ, 15 ಡಿಗ್ರಿಗಿಂತ ಕೆಳಗಿಳಿದ್ರೆ ಎಲೆ ಕೆಡತ್ತೆ, ಎಸಿ ಗಾಳಿ ನೇರ ಹೊಡೆಯೋ ಕಡೆ ಇಡ್ಬೇಡಿ.

ಪೀಸ್ ಲಿಲ್ಲಿ ಚೆನ್ನಾಗಿರತ್ತಲ್ಲ, ಅದ್ಯಾಕೆ ಹೇಳಿಲ್ಲ?

ನೀರು ಕಮ್ಮಿ ಆದ ತಕ್ಷಣ ಇಡೀ ಗಿಡ ಸತ್ತೇಹೋಯ್ತು ಅನ್ನೋ ಹಾಗೆ ಜೋತುಬೀಳತ್ತೆ, ನೀರು ಹಾಕಿದ್ರೆ ಕೆಲವು ಗಂಟೇಲಿ ಎದ್ದು ನಿಲ್ಲತ್ತೆ. ಯಾವಾಗ ನೀರು ಹಾಕ್ಬೇಕು ಅಂತ ಗೊತ್ತಾಗದೇ ಇರೋರಿಗೆ ಇದು ಅನುಕೂಲನೇ, ಗಿಡನೇ ಹೇಳತ್ತೆ. ಆದ್ರೆ ಹಾಸಿಗೆ ಮೇಲೆ ಮಲಗಿದೀರಿ, ಏಳೋಕಾಗ್ತಿಲ್ಲ, ಎದುರಿಗೆ ಗಿಡ ಜೋತುಬಿದ್ಕೊಂಡು ಮುಖ ನೋಡ್ತಿದೆ ಅಂದ್ರೆ ಅದೊಂದು ಬೇರೆ ಹಿಂಸೆ. ಅದಕ್ಕೇ ಮೊದಲ ಗಿಡ ಆಗಿ ಬೇಡ ಅಂತೀನಿ. ತಳದ ತೊಟ್ಟಿಯಿಂದ ತಾನೇ ನೀರು ಎಳ್ಕೊಳ್ಳೋ ಸೆಲ್ಫ್ ವಾಟರಿಂಗ್ ಪಾಟಲ್ಲಿ ಹಾಕ್ಕೊಂಡ್ರೆ ಪರವಾಗಿಲ್ಲ, ಅದಕ್ಕೆ ಒಗ್ಗತ್ತೆ.

ಎಲ್ಲಿಡೋದು, ಎಷ್ಟು ಎತ್ತರಕ್ಕೆ?

ಅಮೆರಿಕದ ಅಕ್ಸೆಸಿಬಿಲಿಟಿ ನಿಯಮದಲ್ಲಿ ವೀಲ್‌ಚೇರಲ್ಲಿ ಕೂತೋರ ಕೈಗೆ ಎಟಕೋ ಎತ್ತರ ಅಂತ ನೆಲದಿಂದ 15 ಇಂಚಿಂದ 48 ಇಂಚಿನವರೆಗೆ ಇಟ್ಟಿದಾರೆ, ಆದ್ರೆ ಅದು ಸ್ವಿಚ್ ಒತ್ತೋಕೆ, ಹಿಡಿ ತಿರುಗಿಸೋಕೆ ಇರೋ ಲೆಕ್ಕ. ಗಿಡಕ್ಕೆ ಅಷ್ಟು ಸಾಲದು, ಯಾಕಂದ್ರೆ ಪಾಟ್ ಒಳಗಿನ ಮಣ್ಣು ಕಣ್ಣಿಗೆ ಕಾಣ್ಬೇಕು, ಬೆರಳು ಮಣ್ಣಿಗೆ ತಾಗ್ಬೇಕು, ನೀರು ತುಂಬಿದ ಬಾಟ್ಲಿ ಹಿಡಿದ ಕೈ ಭುಜಕ್ಕಿಂತ ಮೇಲೆ ಹೋಗ್ಬಾರ್ದು. ಹಂಗಾಗಿ ನೀವು ದಿನಾ ಕೂರೋ ಕುರ್ಚಿ ಮೇಲೆ ಕೂತು ಮೊಣಕೈ ಮಡಿಸಿ ನೋಡಿ, ಆ ಮೊಣಕೈ ಎತ್ತರಕ್ಕೆ ಪಾಟಿನ ಬಾಯಿ ಬಂದ್ರೆ ಸರಿಯಾದ ಜಾಗ. ಸ್ಟೂಲ್, ಸೈಡ್ ಟೇಬಲ್, ಹಳೇ ಟೀವಿ ಸ್ಟ್ಯಾಂಡ್ ಏನಾದ್ರೂ ನಡೆಯತ್ತೆ, ಅಲ್ಲಾಡ್ಬಾರ್ದು ಅಷ್ಟೇ. ಏಳೋವಾಗ ಕೈ ಊರ್ಕೊಳ್ಳೋ ಅಭ್ಯಾಸ ಇರೋ ಟೇಬಲ್ ಮೇಲೆ ಮಾತ್ರ ಪಾಟ್ ಇಡ್ಬೇಡಿ, ಅರ್ಜೆಂಟಲ್ಲಿ ಕೈ ಪಾಟ್ ಮೇಲೇ ಬೀಳತ್ತೆ.

ನೆಲದ ಮೇಲೆ ಬೇಡ, ಬಗ್ಗೋಕಾಗಲ್ಲ, ಜೊತೆಗೆ ಎಡವೋ ಭಯ. ಚಾವಣಿಗೆ ನೇತಾಕೋದು ಅದಕ್ಕಿಂತ ಕೆಟ್ಟದ್ದು, ನೀರು ಹಾಕೋಕೆ ಸ್ಟೂಲ್ ಹತ್ತಬೇಕಾಗತ್ತೆ, ತೊಟ್ಟಿಕ್ಕಿದ ನೀರು ನೆಲಕ್ಕೆ ಬಿದ್ದು ಜಾರತ್ತೆ. ಮತ್ತೆ ವೀಲ್‌ಚೇರ್ ಓಡಾಡೋ ದಾರಿ 36 ಇಂಚಾದ್ರೂ ಖಾಲಿ ಇರ್ಬೇಕು. ಗಿಡ ತಂದಾಗ ದಾರಿಗೆ ಅಡ್ಡ ಇಲ್ಲ ಅನ್ಸತ್ತೆ, ಆರು ತಿಂಗಳಾದ್ಮೇಲೆ ಪಾಮ್ ಎಲೆ ಚಾಚ್ಕೊಂಡು ಮುಖಕ್ಕೆ ಹೊಡೆಯತ್ತೆ.

ನಮ್ಮ ತಾಯಿ ಮಲಗಿದಲ್ಲೇ ಇರ್ತಾರೆ, ಅವರಿಗೆ ನೋಡೋಕೆ ಒಂದು ಗಿಡ ಬೇಕು

ಗಿಡ ತರೋ ಮುಂಚೆ ನೀವೊಂದ್ಸಲ ಆ ಹಾಸಿಗೆ ಮೇಲೆ ಮಲ್ಕೊಂಡು ಅವರ ದಿಂಬಿನ ಮೇಲೆ ತಲೆ ಇಟ್ಟು ನೋಡಿ. ನಿಂತಾಗ ಚೆನ್ನಾಗಿ ಕಾಣೋ ಗಿಡ ಮಲಗಿದಾಗ ಬರೀ ಪಾಟಿನ ಅಂಚು ಕಾಣತ್ತೆ. ನೆಲಕ್ಕೆ ಹರಡೋ ಗಿಡ್ಡ ಗಿಡ ಅಲ್ಲಿ ವೇಸ್ಟು. ಟೇಬಲ್ ಎತ್ತರದಲ್ಲಿಟ್ಟ ಝೀಝೀ ಒಳ್ಳೇದು, ಅದ್ರ ಕಡ್ಡಿಗಳು ಬಾಗಿ ಹೊರಗೆ ಚಾಚೋದ್ರಿಂದ ಕೆಳಗಿಂದ ನೋಡಿದ್ರೂ ಎಲೆ ಸಾಲು ಸಾಲಾಗಿ ಕಾಣ್ತವೆ. ಇಲ್ಲಾಂದ್ರೆ ಶೆಲ್ಫ್ ಮೇಲಿಂದ ಮನಿ ಪ್ಲಾಂಟ್ ಇಳಿಬಿಡಿ, ಹಾಸಿಗೆ ನೇರ ಮೇಲೆ ಬೇಡ, ಎದುರುಗಡೆ ಗೋಡೆಗೆ. ಅವರ ಕೈಗೆ ಎಟಕೋ ಹಾಗಿದ್ರೆ ಎಲೆ ಒರೆಸೋ ಕೆಲಸ ಅವರಿಗೇ ಬಿಡಿ, "ನಿಮಗ್ಯಾಕೆ ಅಮ್ಮ ಕಷ್ಟ" ಅಂತ ಕಿತ್ಕೋಬೇಡಿ. ಗಿಡ ಅವರದು ಅಂದ್ಮೇಲೆ ಅದಕ್ಕೆ ನೀರು ಬೇಕಾ ಬೇಡ್ವಾ ಅಂತ ಹೇಳೋದೂ ಅವರೇ ಆಗ್ಲಿ.

ನೀರು ಯಾವಾಗ ಎಷ್ಟು ಹಾಕೋದು?

ವಾರಕ್ಕಿಷ್ಟು ಅಂತ ಕ್ಯಾಲೆಂಡರ್ ನೋಡಿ ಹಾಕೋದು ಬೆಳಕಿಲ್ಲದ ಮನೇಲಿ ಗಿಡ ಸಾಯಿಸೋ ನೇರ ದಾರಿ. ಬೆಳಕು ಕಮ್ಮಿ ಅಂದ್ರೆ ಗಿಡ ನೀರು ಎಳ್ಕೊಳ್ಳೋದೂ ಕಮ್ಮಿ, ಮಣ್ಣು ಒಣಗೋದೂ ನಿಧಾನ. ಬೇರಿಗೆ ನೀರಿನ ಜೊತೆ ಗಾಳಿನೂ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬ್ಕೊಂಡ್ರೆ ಆಮ್ಲಜನಕ ಸಿಗದೇ ಬೇರು ಕೊಳೆಯತ್ತೆ. ಬೇರು ಕೊಳೆತ ಗಿಡ ನೋಡೋಕೆ ಬಾಡಿರೋ ಥರಾನೇ ಇರತ್ತೆ, ಪಾಪ ಒಣಗಿದೆ ಅಂತ ಇನ್ನಷ್ಟು ನೀರು ಹಾಕ್ತಾರೆ, ಅಲ್ಲಿಗೆ ಕಥೆ ಮುಗೀತು.

ಪಾಟ್ ಎತ್ತಿ ತೂಕ ನೋಡಿ ಅನ್ನೋ ಸಲಹೆ ನಮ್ಗೆ ಆಗಿಬರಲ್ಲ. ಬೆರಳು ಎರಡು ಗೆಣ್ಣು ಮಣ್ಣೊಳಗೆ ಹಾಕಿ ನೋಡೋದು ಒಂದು, ಬೆರಳು ನೋವು ಅನ್ನೋರು ಒಂದು ಮರದ ಕಡ್ಡಿನ ಬುಡದವರೆಗೆ ಚುಚ್ಚಿ ಅಲ್ಲೇ ಬಿಟ್ಬಿಡಿ, ಬೇಕಾದಾಗ ಎಳೆದು ನೋಡಿ, ಕಡ್ಡಿ ಕಪ್ಪಾಗಿ ತೇವ ಇದ್ರೆ ನೀರು ಬೇಡ. ಸ್ನೇಕ್ ಪ್ಲಾಂಟ್ ಝೀಝೀಗೆ ಕಡ್ಡಿ ಪೂರ್ತಿ ಒಣಗಿರ್ಬೇಕು, ಉಳಿದವಕ್ಕೆ ಮೇಲಿನ ಒಂದೆರಡು ಇಂಚು ಒಣಗಿದ್ರೆ ಸಾಕು. ಅನುಮಾನ ಬಂದ್ರೆ ಹಾಕ್ಬೇಡಿ.

ಕೆಲಸದೋರು ಹಾಕ್ತಾರೆ, ಮಗಳು ಬಂದಾಗ ಹಾಕ್ತಾಳೆ, ನಾನೂ ಹಾಕ್ತೀನಿ, ಗಿಡ ಹಳದಿ ಆಗ್ತಿದೆ

ಉತ್ತರ ಪ್ರಶ್ನೇಲೇ ಇದೆ. ಓಡಾಟ ಕಷ್ಟ ಇರೋರ ಮನೇಲಿ ಗಿಡ ಒಣಗಿ ಸಾಯೋದಕ್ಕಿಂತ ಹೀಗೆ ಎಲ್ರ ಪ್ರೀತಿಗೆ ಮುಳುಗಿ ಸಾಯೋದೇ ಜಾಸ್ತಿ, ಮನೆಗೆ ಬಂದೋರೆಲ್ಲ ಏನಾದ್ರೂ ಸಹಾಯ ಮಾಡಣ ಅಂತ ಕಣ್ಣಿಗೆ ಕಂಡ ಗಿಡಕ್ಕೆ ಒಂದು ಲೋಟ ನೀರು ಹೊಯ್ದು ಹೋಗ್ತಾರೆ. ಪಾಟಿಗೆ ಒಂದು ಕಾರ್ಡ್ ಸಿಗಿಸಿ, ಒಂದು ಕಡೆ "ನೀರು ಬೇಡ" ಇನ್ನೊಂದು ಕಡೆ "ನೀರು ಹಾಕಿ" ಅಂತ ದಪ್ಪಕ್ಷರದಲ್ಲಿ ಬರೀರಿ, ತಿರುಗಿಸೋ ಹಕ್ಕು ನಿಮಗೆ ಮಾತ್ರ. ಬೈದಂಗೂ ಆಗಲ್ಲ, ಕೆಲಸನೂ ಆಗತ್ತೆ.

ಹಳದಿ ಆಗಿರೋದಕ್ಕೆ ಈಗ ಏನು ಮಾಡೋದು ಅಂದ್ರೆ ತಟ್ಟೇಲಿ ನಿಂತಿರೋ ನೀರು ತೆಗೀರಿ, ಪೂರ್ತಿ ಒಣಗೋವರೆಗೂ ಬಿಡಿ, ಸಾಧ್ಯ ಆದ್ರೆ ಇನ್ನೂ ಸ್ವಲ್ಪ ಬೆಳಕಿಗೆ ಸರಿಸಿ. ಬುಡ ಮೆತ್ತಗಾಗಿ ವಾಸನೆ ಬರ್ತಿದ್ರೆ ಗಟ್ಟಿ ಇರೋ ಎಲೆನೋ ಕಡ್ಡಿನೋ ಕತ್ತರಿಸಿ ಹೊಸದು ಮಾಡ್ಕೊಳ್ಳೋದೇ ವಾಸಿ.

ನೀರಿನ ಕ್ಯಾನ್ ಎತ್ತೋಕಾಗಲ್ಲ, ಕೈ ನಡುಗತ್ತೆ

1 ಲೀಟರ್ ನೀರು ಅಂದ್ರೆ 1 ಕೆಜಿ, ಅದ್ರ ಮೇಲೆ ಕ್ಯಾನಿನ ತೂಕ, ಅದನ್ನ ಚಾಚಿದ ಕೈಯಲ್ಲಿ ಹಿಡ್ದು ಬಗ್ಗಿಸ್ಬೇಕು, ಮಣಿಕಟ್ಟು ನೋವಿರೋರಿಗೆ ಆಗದ ಮಾತು. ಅರ್ಧ ಲೀಟರಿನ ಮೆತ್ತನೆ ಪ್ಲಾಸ್ಟಿಕ್ ಬಾಟ್ಲಿ, ಬಗ್ಗಿದ ಉದ್ದ ಮೂತಿ ಇರೋದು, ಒತ್ತಿದ್ರೆ ನೀರು ಬರತ್ತಲ್ಲ ಅದು ಸಾಕು. ಬಗ್ಗಿಸೋ ಅಗತ್ಯ ಇಲ್ಲ, ಮೂತಿ ಪಾಟಿನ ಅಂಚಿಗೆ ಆನಿಸಿ ಒತ್ತಿದ್ರೆ ಕೈ ನಡುಗಿದ್ರೂ ನೀರು ಆಚೆ ಹೋಗಲ್ಲ. ಬಾಟ್ಲಿ ತುಂಬಿಸಿ ಗಿಡದ ಪಕ್ಕದಲ್ಲೇ ಇಟ್ಕೊಳ್ಳಿ, ತುಂಬಿಸೋ ಕೆಲಸ ಯಾರಾದ್ರೂ ಬಂದಾಗ ಮಾಡ್ಕೊಟ್ರೂ ಆಯ್ತು, ನೀರು ಎರಡು ವಾರ ಬಾಟ್ಲೀಲಿ ಇದ್ರೆ ಕೆಡೋದೇನಿಲ್ಲ. ನೆಲಕ್ಕೆ ಒಂದು ಹನಿ ಬಿದ್ರೂ ಒರೆಸಿದ ಮೇಲೇನೇ ಓಡಾಡಿ, ಅಥವಾ ಪಾಟ್‌ಗಳನ್ನೆಲ್ಲ ಅಂಚಿರೋ ಒಂದು ಅಗಲ ಟ್ರೇನಲ್ಲಿ ಇಟ್ಬಿಡಿ.

ಸೆಲ್ಫ್ ವಾಟರಿಂಗ್ ಪಾಟ್ ತಗೊಂಡ್ರೆ ಎಲ್ಲ ಸಮಸ್ಯೆ ಮುಗಿಯತ್ತಾ?

ಅರ್ಧ ಮುಗಿಯತ್ತೆ. ಕೆಳಗೆ ನೀರಿನ ತೊಟ್ಟಿ, ಅಲ್ಲಿಂದ ಬತ್ತಿ ಮಣ್ಣಿಗೆ ನೀರು ಏರಿಸತ್ತೆ, ಎರಡು ಮೂರು ವಾರಕ್ಕೊಂದ್ಸಲ ತೊಟ್ಟಿ ತುಂಬಿದ್ರಾಯ್ತು. ಆದ್ರೆ ಮಣ್ಣು ಯಾವಾಗ್ಲೂ ತೇವ ಇರತ್ತೆ, ಅದಕ್ಕೇ ಸ್ನೇಕ್ ಪ್ಲಾಂಟ್ ಝೀಝೀಗೆ ಇದು ವಿಷ ಇದ್ದಂಗೆ, ಕಮ್ಮಿ ಬೆಳಕಲ್ಲಂತೂ ಖಂಡಿತ ಬೇಡ. ಮನಿ ಪ್ಲಾಂಟ್, ಪೀಸ್ ಲಿಲ್ಲಿ, ಸ್ಪೈಡರ್ ಪ್ಲಾಂಟ್, ಅಗ್ಲೋನೀಮಾಗೆ ಸರಿ. ಮನೇಲೇ ಮಾಡ್ಕೊಳ್ಳೋದಾದ್ರೆ ಹತ್ತಿ ಬತ್ತಿ ಹಾಕ್ಬೇಡಿ, ಕೆಲವೇ ತಿಂಗಳಲ್ಲಿ ಕೊಳೆಯತ್ತೆ, ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ ಬಾಳಿಕೆ ಬರತ್ತೆ. ಶುರುವಿನಲ್ಲಿ ಒಂದ್ಸಲ ಮೇಲಿಂದ ಚೆನ್ನಾಗಿ ನೀರು ಹಾಕಿ ಮಣ್ಣು ಬತ್ತಿ ಎರಡೂ ನೆನೆಸ್ಬೇಕು, ಒಣ ಬತ್ತಿ ನೀರು ಎಳೆಯಲ್ಲ. ತೊಟ್ಟಿ ತುಂಬಿಸೋ ತೂತು ಪಾಟಿನ ಬದಿಗೆ ಇದ್ಯಾ, ಕೂತಲ್ಲಿಗೆ ಮಟ್ಟ ತೋರಿಸೋ ಕಡ್ಡಿ ಕಾಣತ್ತಾ ಅಂತ ನೋಡಿ ತಗೊಳ್ಳಿ, ಪಾಟ್ ಎತ್ತಿ ಕೆಳಗಿನ ತಟ್ಟೆ ತೆಗೆದು ತುಂಬಿಸ್ಬೇಕು ಅನ್ನೋ ಡಿಸೈನ್ ಇದ್ರೆ ವಾಪಸ್ ಇಡಿ.

ಮಣ್ಣೇ ಬೇಡ, ಬರೀ ನೀರಲ್ಲಿ ಬೆಳೆಸ್ಬೋದಾ?

ಬೆಳೆಸ್ಬೋದು. ಮನಿ ಪ್ಲಾಂಟ್ ಕಡ್ಡಿನ ಗೆಣ್ಣಿನ ಕೆಳಗೆ ಕತ್ತರಿಸಿ ನೀರಲ್ಲಿಟ್ರೆ ವರ್ಷಗಟ್ಟಲೆ ಇರತ್ತೆ, ಲಕ್ಕಿ ಬ್ಯಾಂಬೂ ಕೂಡ, ಅದು ಬಿದಿರೇನಲ್ಲ ಡ್ರಸೀನಾ ಜಾತಿದು, ಸ್ನೇಕ್ ಪ್ಲಾಂಟಿನ ಹತ್ತಿರದ ಸಂಬಂಧಿ. ಗಾಜಿನ ಬಾಟ್ಲಿ ಬದಲು ಒಡೆಯದ, ಬೆಳಕು ಒಳಗೆ ಬಿಡದ ಪಾತ್ರೆ ತಗೊಳ್ಳಿ, ಪಾಚಿ ಕಟ್ಟೋದು ತಪ್ಪತ್ತೆ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡತ್ತೆ, ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಬೆಚ್ಚಗಿದ್ರೆ ಒಂದು ವಾರ ಹತ್ತು ದಿನ ಸಾಕು, ಅದಕ್ಕೆ ವಾರಕ್ಕೊಂದ್ಸಲ ನೀರು ಬದಲಾಯಿಸ್ಬೇಕು, ಅದು ಆಗಲ್ಲ ಅಂದ್ರೆ ಬಾಯಿಗೆ ಕಡ್ಡಿ ಸುತ್ತ ಸಂದಿ ಇಲ್ಲದ ಹಾಗೆ ಸ್ಪಂಜ್ ತುರುಕಿ.

ಯಾವ ಪಾಟ್, ಯಾವ ಮಣ್ಣು?

ಪ್ಲಾಸ್ಟಿಕ್ ಪಾಟ್, ತಳಕ್ಕೆ ತೂತು ಇರೋದು. ಮಣ್ಣಿನ ಕುಂಡ ಗಿಡಕ್ಕೆ ಒಳ್ಳೇದೇ, ಬೇಗ ಒಣಗತ್ತೆ, ಆದ್ರೆ ಭಾರ, ಬಿದ್ರೆ ಚೂರು ಆರಿಸೋರು ಬೇಕು. ನರ್ಸರಿಯಿಂದ ಬಂದ ಪಾಟನ್ನೇ ಸ್ವಲ್ಪ ದೊಡ್ಡ ಚೆಂದದ ಪಾಟ್ ಒಳಗೆ ಇಳಿಸಿಬಿಡೋದು ಎಲ್ಲಕ್ಕಿಂತ ಸುಲಭ, ಹೊರಗಿನ ಪಾಟ್ ತಳದಲ್ಲಿ ಒಂದು ತಟ್ಟೆ ಬೋರಲು ಹಾಕಿ, ಜಾಸ್ತಿ ಆದ ನೀರು ಅಲ್ಲಿ ಕೆಳಗೆ ನಿಲ್ಲತ್ತೆ ಬೇರಿಗೆ ತಾಗಲ್ಲ.

ಬರೀ ಕೋಕೋಪೀಟ್ ಅಂದ್ರೆ ತೆಂಗಿನ ನಾರಿನ ಪುಡಿ ಒಣಗಿದ್ದಾಗ ಹಗುರ, ಆದ್ರೆ ತನ್ನ ತೂಕದ ಹಲವು ಪಟ್ಟು ನೀರು ಹೀರತ್ತೆ, ಮೇಲೆ ಒಣಗಿರತ್ತೆ ಒಳಗೆ ಹಸಿ, ಕಮ್ಮಿ ಬೆಳಕಿಗೆ ಅದೊಂದೇ ಹಾಕೋದು ನಂಗಿಷ್ಟ ಇಲ್ಲ. ಮೂರನೇ ಒಂದು ಭಾಗ ಆದ್ರೂ ಪರ್ಲೈಟ್ ಅನ್ನೋ ಬಿಳೀ ಹಗುರ ಕಲ್ಲಿನ ಹರಳು ಸೇರಿಸಿ, ಹಗುರನೂ ಆಗತ್ತೆ ಗಾಳಿನೂ ಆಡತ್ತೆ. ಒಣ ಮಿಶ್ರಣ ಕಲಸೋವಾಗ ಧೂಳು ಏಳತ್ತೆ, ಅದನ್ನ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಒಳ್ಳೇದಲ್ಲ, ಪಾಟ್ ಮಣ್ಣಲ್ಲಿ ಲೀಜನೆಲ್ಲಾ ಅನ್ನೋ ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾನೂ ಇರ್ಬೋದು, ಅದಕ್ಕೆ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕ್ಕೊಂಡು ಕಲಸಿ, ಆಮೇಲೆ ಕೈ ತೊಳೀರಿ. ರೋಗನಿರೋಧಕ ಶಕ್ತಿ ಕಮ್ಮಿ ಮಾಡೋ ಔಷಧಿ ತಗೋತಿರೋರು ಈ ಕೆಲಸ ಬೇರೆಯೋರಿಗೆ ಹೇಳಿ.

ರೀಪಾಟಿಂಗ್, ಗೊಬ್ಬರ?

ರೀಪಾಟಿಂಗ್ ಅಂದ್ರೆ ಪಾಟ್ ಬದಲಾಯಿಸೋದು, ಅದನ್ನ ಎರಡು ಮೂರು ವರ್ಷ ಮರೆತುಬಿಡಿ. ಅದ್ರ ಬದಲು ವರ್ಷಕ್ಕೊಂದ್ಸಲ ಮೇಲಿನ ಒಂದಿಂಚು ಮಣ್ಣು ಚಮಚದಲ್ಲಿ ಕೆರೆದು ತೆಗೆದು ಹೊಸದು ಹಾಕಿ, ಕೂತ್ಕೊಂಡೇ ಆಗತ್ತೆ. ಗೊಬ್ಬರಕ್ಕೆ ನಿಧಾನಕ್ಕೆ ಕರಗೋ ಕಾಳು ಸಿಗತ್ತೆ, ಪ್ಯಾಕೆಟ್ ಮೇಲೆ ಹೇಳಿರೋದ್ರಲ್ಲಿ ಅರ್ಧ, ಬೆಳೆಯೋ ಕಾಲದಲ್ಲಿ ಒಂದ್ಸಲ. ಬೆಳಕೇ ಇಲ್ಲದ ಗಿಡಕ್ಕೆ ಗೊಬ್ಬರ ಸುರಿದ್ರೆ ಬೆಳೆಯಲ್ಲ, ಉಪ್ಪು ಕೂತು ಎಲೆ ತುದಿ ಸುಡತ್ತೆ.

ಎಲೆ ಮೇಲೆ ಧೂಳು ಕೂತಿದೆ, ಒಂದೇ ಕೈ ಆಡೋದು

ಹಳೇ ಸಾಕ್ಸ್ ಒದ್ದೆ ಮಾಡಿ ಕೈಗೆ ಗ್ಲೌಸ್ ಥರ ಹಾಕ್ಕೊಂಡು ಎಲೆನ ಬೆರಳ ಮಧ್ಯೆ ಹಿಡ್ದು ಬುಡದಿಂದ ತುದಿಗೆ ಎಳೀರಿ, ಮೇಲೂ ಕೆಳಗೂ ಒಟ್ಟಿಗೆ ಒರೆಸ್ಕೊಳತ್ತೆ. ಕಮ್ಮಿ ಬೆಳಕಲ್ಲಿ ಧೂಳು ಇರೋ ಬೆಳಕನ್ನೂ ತಡೆಯತ್ತೆ, ಹಂಗಾಗಿ ಇದು ಬರೀ ಅಂದಕ್ಕೆ ಅಲ್ಲ. ಅಗಲ ಎಲೆ ಗಿಡ ಆರಿಸೋಕೆ ಇದೂ ಒಂದು ಕಾರಣ, ಪಾಮ್ ಎಲೆ ಒಂದೊಂದೇ ಒರೆಸ್ತಾ ಕೂತ್ರೆ ಮುಗಿಯೋದೇ ಇಲ್ಲ, ಅದಕ್ಕೆ ಮೆತ್ತನೆ ಪೇಂಟ್ ಬ್ರಷ್ ಸಾಕು. ಒರೆಸೋವಾಗ ಎಲೆ ಬುಡದಲ್ಲಿ ಬಿಳೀ ಹತ್ತಿ ಥರ ಕಂಡ್ರೆ ಅದು ಮೀಲಿಬಗ್ ಅನ್ನೋ ಹುಳ, ಆಗ್ಲೇ ಒರೆಸಿ ತೆಗೀರಿ, ಬಿಟ್ರೆ ಪಕ್ಕದ ಗಿಡಕ್ಕೂ ಹರಡತ್ತೆ.

ಪಾಟ್ ಸುತ್ತ ಸಣ್ಣ ಸಣ್ಣ ನೊಣ

ಫಂಗಸ್ ನ್ಯಾಟ್. ಹಸಿ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡ್ತವೆ. ನೀರು ನಿಲ್ಲಿಸಿ ಮೇಲ್ಗಡೆ ಒಣಗೋಕೆ ಬಿಡಿ, ಹಳದಿ ಅಂಟು ಕಾರ್ಡ್ ಒಂದು ಚುಚ್ಚಿ.

ಬೆಕ್ಕು ನಾಯಿ ಮಕ್ಕಳಿದ್ರೆ?

ಸ್ಪೈಡರ್ ಪ್ಲಾಂಟ್, ಆಸ್ಪಿಡಿಸ್ಟ್ರಾ, ಪಾರ್ಲರ್ ಪಾಮ್ ಮೂರೂ ಬೆಕ್ಕು ನಾಯಿಗೆ ವಿಷ ಅಲ್ಲ. ಮನಿ ಪ್ಲಾಂಟ್, ಝೀಝೀ, ಅಗ್ಲೋನೀಮಾ, ಪೀಸ್ ಲಿಲ್ಲಿ ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರ್ತವೆ, ಜಗಿದ್ರೆ ಬಾಯಿ ಗಂಟಲು ಉರಿಯತ್ತೆ ಊದ್ಕೊಳತ್ತೆ. ಸ್ನೇಕ್ ಪ್ಲಾಂಟ್, ಲಕ್ಕಿ ಬ್ಯಾಂಬೂನಲ್ಲಿ ಸಪೋನಿನ್ ಇರತ್ತೆ, ತಿಂದ್ರೆ ವಾಂತಿ ಭೇದಿ. ಡೈಫೆನ್‌ಬಾಕಿಯಾ ಕಮ್ಮಿ ಬೆಳಕಿಗೆ ಆಗತ್ತೆ ಅಂತ ಎಲ್ರೂ ಹೇಳ್ತಾರೆ, ನಾನು ಹೇಳಲ್ಲ, ಅದೂ ಇದೇ ಆಕ್ಸಲೇಟಿನ ಗಿಡ, ರಸ ತಾಗಿದ್ರೆ ಚರ್ಮನೂ ಉರಿಯತ್ತೆ, ಬಾಯಿ ಊದಿದಾಗ ಬೇಗ ಎದ್ದು ಓಡಿ ಸಹಾಯ ತರೋಕಾಗದ ಮನೇಲಿ ಅದು ಯಾಕೆ. ಮರೆವಿನ ಕಾಯಿಲೆ ಇರೋರು ಮನೇಲಿದ್ರೂ ಮಕ್ಕಳಿದ್ದಷ್ಟೇ ಜಾಗ್ರತೆ ಬೇಕು, ಕೈಗೆ ಸಿಕ್ಕಿದ್ದನ್ನ ಬಾಯಿಗೆ ಹಾಕ್ಕೊಳ್ಳೋ ಸಾಧ್ಯತೆ ಇರತ್ತೆ, ಮೇಲಿನ ಮೂರರಲ್ಲೇ ಒಂದು ಆರಿಸಿ.

ಗಾಳಿ ಶುದ್ಧ ಮಾಡತ್ತೆ, ರಾತ್ರಿ ಆಮ್ಲಜನಕ ಕೊಡತ್ತೆ ಅಂತಾರಲ್ಲ

1989ರಲ್ಲಿ ನಾಸಾದವರು ಮುಚ್ಚಿದ ಸಣ್ಣ ಪೆಟ್ಟಿಗೆಯಂಥ ಕೋಣೆಗಳಲ್ಲಿ ಗಿಡ ಇಟ್ಟು ಪರೀಕ್ಷೆ ಮಾಡಿದ್ರು, ಆ ಸುದ್ದಿ ಇವತ್ತಿಗೂ ಓಡ್ತಿದೆ. ನಿಜವಾದ ಮನೇಲಿ ಕಿಟಕಿ ಬಾಗಿಲ ಸಂದಿಯಿಂದ ಗಾಳಿ ಬದಲಾಗ್ತಾನೇ ಇರತ್ತೆ. 2019ರಲ್ಲಿ ಹಳೇ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ ಒಂದು ವಿಮರ್ಶೆ ಪ್ರಕಾರ ಹೀಗೆ ಗಾಳಿ ಬದಲಾಗೋದ್ರಿಂದ ಆಗೋವಷ್ಟೇ ಗಿಡಗಳು ಗಾಳಿ ಶುದ್ಧ ಮಾಡ್ಬೇಕು ಅಂದ್ರೆ ಒಂದು ಚದರ ಮೀಟರ್ ನೆಲಕ್ಕೆ 10 ಇಂದ 1000 ಗಿಡ ಬೇಕು. ಅಂದ್ರೆ ನಾವು ಕೂರೋಕೆ ಜಾಗ ಇರಲ್ಲ. ಸ್ನೇಕ್ ಪ್ಲಾಂಟ್ ರಾತ್ರಿ ಹೊತ್ತು ಎಲೆಯ ರಂಧ್ರ ತೆಗೆದು ಕಾರ್ಬನ್ ಡೈ ಆಕ್ಸೈಡ್ ಒಳಗೆ ತಗೋಳತ್ತೆ ಅನ್ನೋದು ನಿಜ, ಆದ್ರೆ ಒಂದು ಪಾಟಿಂದ ರೂಮಿನ ಗಾಳಿಗೆ ವ್ಯತ್ಯಾಸ ಏನೂ ಆಗಲ್ಲ. ರಾತ್ರಿ ಗಿಡದ ಪಕ್ಕ ಮಲಗಿದ್ರೆ ಉಸಿರು ಕಟ್ಟತ್ತೆ ಅನ್ನೋದೂ ಅಷ್ಟೇ ಸುಳ್ಳು. ಹಸಿರು ಕಣ್ಣಿಗೆ ಹಿತ ಅಂತ ಇಟ್ಕೊಳ್ಳಿ, ಅಷ್ಟು ಕಾರಣ ಸಾಲ್ದಾ?

ಒಂದು ತಿಂಗಳು ಆಸ್ಪತ್ರೇಲಿ ಇರ್ಬೇಕಾಗಿ ಬಂದ್ರೆ?

ಝೀಝೀ, ಸ್ನೇಕ್ ಪ್ಲಾಂಟ್ ಹಾಗೇ ಬಿಟ್ಟುಹೋಗಿ, ಬೀಗ ಹಾಕಿದ ಮನೇಲೂ ಇರ್ತವೆ, ಪರದೆ ಮಾತ್ರ ಪೂರ್ತಿ ಮುಚ್ಬೇಡಿ. ಆಸ್ಪಿಡಿಸ್ಟ್ರಾಗೆ ಹೋಗೋ ದಿನ ಚೆನ್ನಾಗಿ ನೀರು ಹಾಕಿ ತಟ್ಟೆ ನೀರು ಚೆಲ್ಲಿ. ನೀರಲ್ಲಿರೋ ಮನಿ ಪ್ಲಾಂಟಿಗೆ ದೊಡ್ಡ ಪಾತ್ರೆ, ಬಾಯಿಗೆ ಸ್ಪಂಜು. ಪೀಸ್ ಲಿಲ್ಲಿ ಇದ್ರೆ ಯಾರ ಮನೆಗಾದ್ರೂ ಕಳಿಸಿಬಿಡಿ.

ವಾಪಸ್ ಬಂದಾಗ ಕೋಕೋಪೀಟ್ ಪೂರ್ತಿ ಒಣಗಿ ಪಾಟಿನ ಅಂಚು ಬಿಟ್ಟಿರತ್ತೆ, ಆಗ ಸುರಿದ ನೀರೆಲ್ಲ ಸಂದಿಯಿಂದ ಜಾರಿ ತಟ್ಟೆಗೆ ಬರತ್ತೆ, ನೀರು ಹಾಕಿದ್ದೀನಿ ಅನ್ಕೊಂಡಿರ್ತೀರಿ ಆದ್ರೆ ಬೇರಿಗೆ ತಾಗಿರಲ್ಲ. ಪಾಟನ್ನ ಬಕೆಟ್ಟಲ್ಲಿ ಮುಳುಗಿಸಿ ಅಂತಾರೆ, ಎತ್ತೋಕಾಗಲ್ಲವಲ್ಲ, ಬಾಟ್ಲಿಯಿಂದ ಸ್ವಲ್ಪ ಸ್ವಲ್ಪ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ವಲ್ಪ, ಹೀಗೆ ನಾಲ್ಕೈದು ಸಲ ಹಾಕಿ. ಮಧ್ಯೆ ಮಧ್ಯೆ ಮಲ್ಕೊಂಡು ಎದ್ದು ಹಾಕಿದ್ರೂ ನಡೆಯತ್ತೆ.